‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’: ಫ್ರಾಯ್ಡ್ ಹೇಳಿದ್ದೂ ಇದನ್ನೇ?

ಟಿಇಟಿ ಅಭ್ಯರ್ಥಿ, ರಾಯಚೂರು

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಶಿಶುವಿಕಾಸದ ಪಾಠಗಳನ್ನು ಓದುತ್ತಿದ್ದೇನೆ. ಕೋಚಿಂಗ್ ತರಗತಿಯಲ್ಲಿ ಕೊಟ್ಟ ಝೆರಾಕ್ಸ್ ಟಿಪ್ಪಣಿಯಲ್ಲಿ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹೇಳಿದ, ಮಗುವಿನ ಮನಸ್ಸು ಬೆಳೆಯುವ ಐದು ಹಂತಗಳಿಗೆ ಒಂದೇ ಪುಟ ಮೀಸಲಾಗಿದೆ. ಎಡಗಡೆಯ ಕಾಲಂನಲ್ಲಿ ಮೌಖಿಕ, ಗುದ, ಶೈಶ್ನ, ಸುಪ್ತ, ಜನನಾಂಗ ಎಂಬ ಹೆಸರುಗಳಿವೆ. ಯಾವ ಹಂತದಲ್ಲಿ ‘ಸ್ಥಿರೀಕರಣ’ವಾದರೆ, ಅಂದರೆ ಮನಸ್ಸು ಅಲ್ಲೇ ಸಿಕ್ಕಿಕೊಂಡರೆ, ಮಗು ದೊಡ್ಡದಾದ ಮೇಲೆ ಎಂಥ ಮನುಷ್ಯನಾಗುತ್ತದೆ ಎಂಬುದನ್ನು ಬಲಗಡೆ ಬರೆದಿದ್ದಾರೆ. ಉಗುರು ಕಚ್ಚುವವರು, ಬೀಡಿ ಸೇದುವವರು, ವಾಚಾಳಿಗಳು ಮೊದಲ ಸಾಲಿನಲ್ಲಿದ್ದಾರೆ. ಜಿಪುಣರು, ಹಟಮಾರಿಗಳು, ಅತಿ ಅಚ್ಚುಕಟ್ಟಿನವರು ಎರಡನೆಯ ಸಾಲಿನಲ್ಲಿದ್ದಾರೆ.

ಎರಡನೆಯ ಸಾಲು ಓದಿದೊಡನೆ ನನಗೆ ನೆನಪಾದವರು ನನ್ನ ದೊಡ್ಡಪ್ಪ. ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಮನೆಗೆ ಜೋಳದ ಚೀಲ ಬಂದರೆ ಅದರ ಸುತಲಿಯನ್ನು ಕತ್ತರಿಸಲು ಅವರು ಯಾರಿಗೂ ಬಿಡುವುದಿಲ್ಲ. ಹೊಲಿಗೆಯ ತುದಿಯನ್ನು ಹುಡುಕಿ, ಉಗುರಿನಿಂದ ಸಡಿಲಿಸಿ, ಒಂದೇ ಎಳೆಯಾಗಿ ಪೂರ್ತಿ ಬಿಚ್ಚಿಕೊಂಡು, ಹೆಬ್ಬೆರಳು ಕಿರುಬೆರಳುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ, ನಡುವಿಗೆ ಒಂದು ಗಂಟು ಹಾಕಿ, ಹಳೆಯ ಡಾಲ್ಡಾ ಡಬ್ಬಿಯಲ್ಲಿ ಇಡುತ್ತಾರೆ. ಅಂಥ ಡಬ್ಬಿಗಳು ಅಟ್ಟದ ಮೇಲೆ ಮೂರಿವೆ. ಟಿಪ್ಪಣಿಯ ಪ್ರಕಾರ ಇದಕ್ಕೆ ಕಾರಣ ಅವರ ಎರಡನೆಯ ವರ್ಷದಲ್ಲಿ ನಡೆದ ಶೌಚದ ತರಬೇತಿ! ನಗು ಬಂದದ್ದು ನಿಜ, ಆದರೆ ನಮ್ಮ ಹಿರಿಯರೂ ‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’ ಎಂದೇ ಹೇಳಿದ್ದಾರಲ್ಲ ಎಂಬುದು ಹೊಳೆದಾಗ ಸುಮ್ಮನಾದೆ. ಗಾದೆಯೂ ಸಿದ್ಧಾಂತವೂ ಒಂದೇ ಮಾತನ್ನು ಹೇಳುತ್ತಿವೆಯೇ? ಕಣ್ಣೆದುರಿನ ಮನುಷ್ಯರನ್ನು ಈ ಕೋಷ್ಟಕದಿಂದ ಓದಬಹುದೇ? ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಉಪನ್ಯಾಸಕ, ಕೊಪ್ಪಳ

ನಿಮ್ಮ ಟಿಪ್ಪಣಿಯ ಆ ಪುಟ ನನಗೆ ಚೆನ್ನಾಗಿ ಗೊತ್ತು. ಅದನ್ನೇ ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದವನು ನಾನು; ಆದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆ ಐದು ಹಂತಗಳು ಒಂದೇ ಪುಸ್ತಕದಲ್ಲಿ ಒಟ್ಟಿಗೆ ಬಂದವಲ್ಲ. ಲೈಂಗಿಕತೆಯ ಸಿದ್ಧಾಂತವನ್ನು ಕುರಿತ ಮೂರು ಪ್ರಬಂಧಗಳನ್ನು ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದಾಗ, ಹಾಲು ಹೀರುವುದು, ಮಲವನ್ನು ತಡೆದು ಬಿಡುವುದು ಮುಂತಾದವು ಮಗುವಿಗೆ ದೇಹಸುಖದ ಮೂಲಗಳು ಎಂಬ ವಿಚಾರ ಅಲ್ಲಿತ್ತು. ಅವುಗಳನ್ನು ಒಂದರ ನಂತರ ಒಂದು ಬರುವ ಹಂತಗಳಾಗಿ ಜೋಡಿಸಿದ್ದು ಮುಂದೆ, ಮುಖ್ಯವಾಗಿ 1915ರ ಆವೃತ್ತಿಯಲ್ಲಿ. ಶೈಶ್ನ ಹಂತ ಸೇರಿದ್ದು 1923ರಲ್ಲಿ. ಹದಿನೆಂಟು ವರ್ಷ ತಿದ್ದುತ್ತಾ ಬಂದದ್ದನ್ನು ನಾವು ಒಂದು ಪುಟಕ್ಕೆ ಇಳಿಸಿದ್ದೇವೆ. ಅಚ್ಚುಕಟ್ಟು, ಮಿತವ್ಯಯ, ಹಟ ಎಂಬ ಮೂರು ಗುಣಗಳು ಕೆಲವರಲ್ಲಿ ಒಟ್ಟಾಗಿ ಕಾಣುತ್ತವೆ, ಅವಕ್ಕೆ ಬಾಲ್ಯದ ಗುದಸುಖದೊಡನೆ ನಂಟಿದೆ ಎಂಬ ವಾದ 1908ರ ಒಂದು ಚಿಕ್ಕ ಲೇಖನದ್ದು. ನಿಮ್ಮ ದೊಡ್ಡಪ್ಪನವರನ್ನು ಹಿಡಿದು ಹಾಕಿರುವುದು ಆ ಲೇಖನವೇ.

ಸ್ಥಿರೀಕರಣ ಎಂಬ ಮಾತನ್ನು ಅವರು ಒಂದು ಹೋಲಿಕೆಯಿಂದ ವಿವರಿಸುತ್ತಾರೆ. ವಲಸೆ ಹೊರಟ ಜನ ದಾರಿಯಲ್ಲಿ ಅಲ್ಲಲ್ಲಿ ತಮ್ಮವರಲ್ಲಿ ಕೆಲವರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಮುಂದೆ ಹೋದವರು ಬಲವಾದ ಶತ್ರುವನ್ನು ಎದುರಿಸಬೇಕಾಗಿ ಬಂದರೆ ಹಿಂದೆ ಬಿಟ್ಟುಬಂದ ನೆಲೆಗೇ ಮರಳುತ್ತಾರೆ. ಹಿಂದೆ ಬಿಟ್ಟವರ ಸಂಖ್ಯೆ ಹೆಚ್ಚಿದ್ದಷ್ಟೂ ಮುಂದಿನವರ ಬಲ ಕಡಿಮೆ. ವರ್ಷವರ್ಷವೂ ಗುಳೆ ಹೋಗುವ ನಮ್ಮ ಜಿಲ್ಲೆಗಳ ಜನರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಷ್ಟ ಬಂದಾಗ ಮನಸ್ಸು ಹಿಂದಿನ ನೆಲೆಗೆ ಓಡುವುದನ್ನು ಹಿಮ್ಮರಳಿಕೆ ಎಂದರು.

ಈಗ ನಿಮ್ಮ ಗಾದೆ. ಎರಡೂ ಒಂದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಗಾದೆಯ ಪ್ರಕಾರ ಮೂರು ವರ್ಷಕ್ಕೆ ಏನು ಕಂಡಿತೋ ಅದೇ ಕೊನೆಯವರೆಗೂ ಕಾಣುತ್ತದೆ. ತುಂಟ ತುಂಟನಾಗಿಯೇ ಇರುತ್ತಾನೆ. ಫ್ರಾಯ್ಡ್ ಹೇಳುವುದು ನಾವು ಸಂಪೂರ್ಣ ಮರೆತಿರುವುದರ ಬಗ್ಗೆ. ಮೊದಲ ಐದಾರು ವರ್ಷಗಳ ಬಹುಪಾಲು ನಮಗೆ ನೆನಪಿರುವುದಿಲ್ಲ, ಆ ಮರೆವಿನ ಒಳಗಿನಿಂದಲೇ ಅದು ಕೆಲಸ ಮಾಡುತ್ತದೆ, ಅದೂ ವೇಷ ಬದಲಿಸಿಕೊಂಡು. ಕೊಳಕಿನಲ್ಲಿ ಆಡಲು ಬಯಸಿದ ಮಗು ಬೆಳೆದು ಕೊಳಕನ್ನೇ ಸಹಿಸದ ಗೃಹಸ್ಥನಾಗಬಹುದು. ಗಾದೆಗೆ ಈ ತಿರುವು ಗೊತ್ತಿಲ್ಲ.

ಆದರೆ ಈ ಎಲ್ಲ ಮಾತಿಗೆ ಆಧಾರ ಯಾವುದು? ವಿಯೆನ್ನಾದಲ್ಲಿ ಮಂಚದ ಮೇಲೆ ಮಲಗಿ ತಮ್ಮ ಬಾಲ್ಯವನ್ನು ನೆನೆಸಿಕೊಂಡ ವಯಸ್ಕರು. ಫ್ರಾಯ್ಡ್ ವಿವರವಾಗಿ ಬರೆದ ಒಂದೇ ಒಂದು ಪುಟ್ಟ ಮಗುವಿನ ಪ್ರಕರಣ ‘ಪುಟ್ಟ ಹಾನ್ಸ್’ನದು. 1909ರಲ್ಲಿ ಪ್ರಕಟವಾದ ಆ ಪ್ರಕರಣದಲ್ಲಿ ಸುಮಾರು ಐದು ವರ್ಷದ ಹುಡುಗನಿಗೆ ಕುದುರೆಯೆಂದರೆ ಭಯ. ಚಿಕಿತ್ಸೆ ನಡೆಸಿದ್ದು ತಂದೆ. ಫ್ರಾಯ್ಡ್ ಹೆಚ್ಚಾಗಿ ಓದಿದ್ದು ತಂದೆಯ ಬರಹಗಳನ್ನು. ಗಾಡಿಗೆ ಕಟ್ಟಿದ ಕುದುರೆಯೊಂದು ಬಿದ್ದು ಕಾಲು ಬಡಿದುಕೊಂಡದ್ದನ್ನು ಹುಡುಗ ಕಣ್ಣಾರೆ ಕಂಡಿದ್ದ. ಭಯಕ್ಕೆ ಅದು ಸಾಲದು, ಕುದುರೆ ತಂದೆಯ ಸಂಕೇತ, ತಾಯಿಯನ್ನು ಬಯಸಿ ತಂದೆಯನ್ನು ಎದುರಾಳಿಯೆಂದು ಕಾಣುವ ಈಡಿಪಸ್ ಮನೋಗ್ರಂಥಿಯೇ ಮೂಲ ಎಂಬುದು ವ್ಯಾಖ್ಯಾನ. ಅದೇ ಹುಡುಗ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಫ್ರಾಯ್ಡ್ ಅವರನ್ನು ನೋಡಲು ಬಂದ. ಆರೋಗ್ಯವಾಗಿದ್ದ. ತನ್ನ ಪ್ರಕರಣವನ್ನು ಓದಿದಾಗ ಎಲ್ಲವೂ ಪರರ ಕಥೆಯಂತಿತ್ತು, ಏನೂ ನೆನಪಾಗಲಿಲ್ಲ ಎಂದ. ಇದನ್ನು 1922ರಲ್ಲಿ ಬರೆದು ಸೇರಿಸಿದವರು ಸ್ವತಃ ಫ್ರಾಯ್ಡ್. ತಮಗೆ ಅನುಕೂಲವಲ್ಲದ್ದನ್ನೂ ಮುಚ್ಚಿಡದ ಈ ಗುಣಕ್ಕಾಗಿ ನನಗೆ ಅವರ ಮೇಲೆ ಇಂದಿಗೂ ಗೌರವವಿದೆ.

ಅಂಗನವಾಡಿ ಕಾರ್ಯಕರ್ತೆ, ಕುಷ್ಟಗಿ ತಾಲ್ಲೂಕು

ಮಾಸ್ತರರಿಗೆ ನಮಸ್ಕಾರ. ನಾನು ಪುಸ್ತಕ ಓದಿದವಳಲ್ಲ. ಮಕ್ಕಳ ನಡುವೆ ಹತ್ತೊಂಬತ್ತು ವರ್ಷ ಕಳೆದಿದ್ದೇನೆ, ಅಷ್ಟೇ.

ಶೌಚದ ತರಬೇತಿ ಎಂದು ನೀವು ಬರೆದದ್ದು ನಮ್ಮ ಊರಿನಲ್ಲಿ ಒಂದು ತರಬೇತಿಯಾಗಿ ನಡೆಯುವುದೇ ಇಲ್ಲ. ತಾಯಿಯೋ ಅಜ್ಜಿಯೋ ನೆಲದ ಮೇಲೆ ಕುಳಿತು ಕಾಲು ಚಾಚಿ, ಎರಡೂ ಪಾದಗಳ ಮೇಲೆ ಕೂಸನ್ನು ಕೂರಿಸಿ, ಬಾಯಿಂದ ‘ಶ್ಶ್’ ಎನ್ನುತ್ತಾಳೆ. ಇದು ಮೂರು ನಾಲ್ಕು ತಿಂಗಳಿಗೇ ಶುರುವಾಗುತ್ತದೆ. ಬೈಗುಳವಿಲ್ಲ, ಗಡುವಿಲ್ಲ. ಮೂರು ವರ್ಷದ ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ಯಾರಿಗೂ ಅದು ದೊಡ್ಡ ವಿಷಯವಲ್ಲ. ಹಾಲು ಬಿಡಿಸುವುದು ಮಾತ್ರ ಒಮ್ಮೊಮ್ಮೆ ಕಠಿಣವಾಗುತ್ತದೆ. ಬೇವಿನ ಎಲೆ ಅರೆದು ಹಚ್ಚಿಕೊಳ್ಳುತ್ತಾರೆ. ಮಗು ಬಾಯಿಟ್ಟು, ಮುಖ ಕಿವುಚಿ, ತಾಯಿಯ ಮುಖವನ್ನೇ ನೋಡುತ್ತದೆ. ಆ ನೋಟವನ್ನು ಕಂಡವರಿಗೆ ನಿಮ್ಮ ಮೊದಲನೆಯ ಹಂತದಲ್ಲಿ ಏನೋ ಇದೆ ಎನ್ನಿಸದೆ ಇರದು.

ನನ್ನನ್ನು ಕಾಡುವುದು ಬೇರೆಯದೇ ವಿಷಯ. ದೀಪಾವಳಿ ಕಳೆದ ಮೇಲೆ ನಮ್ಮ ಊರಿನ ಅರ್ಧ ಓಣಿಗೆ ಬೀಗ ಬೀಳುತ್ತದೆ. ಮೊಲೆಯುಣ್ಣುವ ಕೂಸನ್ನು ಕಟ್ಟಿಕೊಂಡು ಹೋಗುತ್ತಾರೆ, ಮೂರು ನಾಲ್ಕು ವರ್ಷದ್ದನ್ನು ಅಜ್ಜಿಯ ಬಳಿ ಬಿಡುತ್ತಾರೆ. ಈ ವರ್ಷ ಅಂಥ ಒಂದು ಹುಡುಗಿ ನಮ್ಮ ಕೇಂದ್ರಕ್ಕೆ ಬರುತ್ತಿದ್ದಾಳೆ. ಮೊದಲ ವಾರ ಬಾಗಿಲ ಬಳಿ ನಿಂತು ಅತ್ತಳು. ಆಮೇಲೆ ಅಳು ನಿಂತಿತು, ಊಟವೂ ನಿಂತಿತು. ಈಗ ಉಣ್ಣುತ್ತಾಳೆ, ಆಡುತ್ತಾಳೆ, ಆದರೆ ಅವ್ವನ ಹಳೆಯ ಸೀರೆಯ ಸೆರಗಿನ ತುಂಡೊಂದು ಕೈಯಲ್ಲಿ ಇರಲೇಬೇಕು. ತೊಳೆಯಲು ಕೇಳಿದರೆ ಕೊಡುವುದಿಲ್ಲ. ಅವಳದೊಂದು ಆಟವಿದೆ. ಡಬ್ಬಿಯ ಮುಚ್ಚಳವನ್ನು ಆಹಾರದ ಚೀಲಗಳ ಹಿಂದೆ ಎಸೆದು ‘ಹೋದ್ಳು’ ಎನ್ನುತ್ತಾಳೆ. ತಾನೇ ತೂರಿ ಹೋಗಿ ತಂದು ‘ಬಂದ್ಳು’ ಎನ್ನುತ್ತಾಳೆ. ಎಷ್ಟೋ ಸಲ ಎಸೆಯುವುದು ಮಾತ್ರ ನಡೆಯುತ್ತದೆ, ತರುವುದು ಇರುವುದಿಲ್ಲ. ಮುಚ್ಚಳಗಳು ಮುಗಿದಾಗ ನಾನೇ ಹೆಕ್ಕಿ ಕೊಡುತ್ತೇನೆ. ಈ ಹುಡುಗಿ ಮುಂದೆ ಏನಾಗುತ್ತಾಳೆ ಎಂದು ನಿಮ್ಮ ಕೋಷ್ಟಕ ಹೇಳುತ್ತದೆಯೇ?

ನಿವೃತ್ತ ಉಪನ್ಯಾಸಕ, ಕೊಪ್ಪಳ

ಅಕ್ಕಾ, ನಿಮ್ಮ ಪತ್ರ ಓದಿ ಎದ್ದು ಹೋಗಿ ಹಳೆಯ ಪುಸ್ತಕವನ್ನು ತೆರೆದೆ. 1920ರ ಒಂದು ಕೃತಿಯಲ್ಲಿ ಫ್ರಾಯ್ಡ್ ತಮ್ಮ ಒಂದೂವರೆ ವರ್ಷದ ಮೊಮ್ಮಗನ ಆಟವನ್ನು ವರ್ಣಿಸಿದ್ದಾರೆ. ದಾರ ಕಟ್ಟಿದ ಮರದ ಉರುಳೆಯೊಂದನ್ನು ಹುಡುಗ ಪರದೆಯಿದ್ದ ತೊಟ್ಟಿಲ ಅಂಚಿನಾಚೆ ಎಸೆದು ‘ಓ-ಓ’ ಎನ್ನುತ್ತಿದ್ದ. ಅವನ ಭಾಷೆಯಲ್ಲಿ ಅದು ‘ಹೋಯಿತು’. ದಾರ ಎಳೆದು ಉರುಳೆ ಕಂಡಾಗ ‘ಇಲ್ಲಿದೆ’ ಎನ್ನುತ್ತಿದ್ದ. ತಾಯಿ ಹೊರಗೆ ಹೋಗುವುದನ್ನು ತಡೆಯಲಾಗದ ಮಗು, ಹೋಗುವುದನ್ನೂ ಬರುವುದನ್ನೂ ತನ್ನ ಕೈಯೊಳಗೆ ತಂದುಕೊಂಡಿತು ಎಂಬುದು ಅಜ್ಜನ ಓದು. ಎಸೆಯುವ ಭಾಗವೇ ಹೆಚ್ಚು ಸಲ ನಡೆಯುತ್ತಿತ್ತು ಎಂದೂ ಅಲ್ಲಿ ಬರೆದಿದೆ. ನೀವು ಕಂಡದ್ದೂ ಅದೇ.

ಕೋಷ್ಟಕ ಬರೆದ ಫ್ರಾಯ್ಡ್‌ಗಿಂತ ತೊಟ್ಟಿಲ ಪಕ್ಕದಲ್ಲಿ ಕುಳಿತು ನೋಡಿದ ಈ ಫ್ರಾಯ್ಡ್ ದೊಡ್ಡವರು. ನಾನು ಪಾಠ ಹೇಳಿದ್ದು ಮೊದಲನೆಯವರನ್ನು ಮಾತ್ರ.

ಕೃಷಿ ಪದವೀಧರ, ಸಿಂಧನೂರು

ಹಿರಿಯರ ಕ್ಷಮೆ ಕೋರಿ ಒಂದು ಆಕ್ಷೇಪ. ಜಿಪುಣ ಗುದ ಹಂತದಲ್ಲಿ ಸಿಕ್ಕಿಕೊಂಡವನು ಎನ್ನುತ್ತೀರಿ. ಕೈಬಿಚ್ಚಿ ಖರ್ಚು ಮಾಡುವವನೂ ಅದೇ ಹಂತದವನು, ಒಬ್ಬ ತಡೆದಿಡುವವ, ಇನ್ನೊಬ್ಬ ಹೊರಹಾಕುವವ ಎಂದು ಅದೇ ಟಿಪ್ಪಣಿಗಳಲ್ಲಿ ಓದಿದ್ದೇನೆ. ಹಾಲು ಕಡಿಮೆಯಾದರೂ ಸ್ಥಿರೀಕರಣ, ಹೆಚ್ಚಾದರೂ ಸ್ಥಿರೀಕರಣ. ಯಾವ ಫಲಿತಾಂಶ ಬಂದರೂ ಸರಿಹೊಂದುವ ಮಾತು ಏನನ್ನೂ ಮುಂಚಿತವಾಗಿ ಹೇಳಿದಂತಾಗುವುದಿಲ್ಲ. ಕಾರ್ಲ್ ಪಾಪರ್ ಎಂಬ ತತ್ತ್ವಜ್ಞಾನಿಯ ತಕರಾರೂ ಇದೇ ಆಗಿತ್ತು.

ನಾವು ಭತ್ತದವರು. ಬೆಳೆಗೆ ನಿರ್ಣಾಯಕ ಹಂತ ಎಂಬುದಿದೆ ಎಂದು ನನಗೆ ಗೊತ್ತು. ಎಡದಂಡೆ ಕಾಲುವೆಯ ಕೊನೆಯಂಚಿನ ಹೊಲಕ್ಕೆ ಹೊಡೆ ಬರುವ ಹೊತ್ತಿಗೆ ನೀರು ತಪ್ಪಿದರೆ ಆಮೇಲೆ ಎಷ್ಟು ಹರಿಸಿದರೂ ಜೊಳ್ಳೇ. ಆದರೆ ಅದನ್ನು ಪಕ್ಕಪಕ್ಕದ ಎರಡು ಮಡಿಗಳಲ್ಲಿ ಪರೀಕ್ಷಿಸಿ ನೋಡಬಹುದು. ಜೊಳ್ಳು ಕಾಳನ್ನು ಕೈಯಲ್ಲಿ ಹಿಡಿದು ‘ಇದಕ್ಕೆ ಸಸಿಮಡಿಯಲ್ಲಿ ಏನೋ ಆಗಿರಬೇಕು’ ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ ಯಾವ ರೈತನೂ ಒಪ್ಪುವುದಿಲ್ಲ. ದೊಡ್ಡಪ್ಪನವರ ವಿಷಯದಲ್ಲಿ ಇಷ್ಟು ದೂರ ಹೋಗಬೇಕೇ? ಅವರ ವಯಸ್ಸಿನವರು 1972ರ ಬರಗಾಲವನ್ನು ಕಂಡವರು. ಒಂದು ತುಂಡು ಸುತಲಿಯನ್ನೂ ಬಿಸಾಡದಿರಲು ಅಷ್ಟು ಸಾಲದೇ?

ಆಪ್ತಸಮಾಲೋಚಕಿ, ಬಳ್ಳಾರಿ

ಸಿಂಧನೂರಿನ ಸರ್ ಎತ್ತಿದ ಪ್ರಶ್ನೆಯೇ ಈ ಕ್ಷೇತ್ರವನ್ನು ಮುಂದಕ್ಕೆ ತಳ್ಳಿತು. ಹಿಂದಕ್ಕೆ ಲೆಕ್ಕ ಹಾಕುವುದನ್ನು ಬಿಟ್ಟು, ಶಿಶುಗಳಿಂದ ಶುರುಮಾಡಿ ಅವರು ದೊಡ್ಡವರಾಗುವವರೆಗೆ ಹಿಂಬಾಲಿಸುವ ಅಧ್ಯಯನಗಳು ಬಂದವು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಹೆರಿಗೆಯ ತೊಡಕು, ಮನೆಯ ಜಗಳ ಮುಂತಾದ ಹಲವು ಅಪಾಯಗಳನ್ನು ಒಟ್ಟಿಗೆ ಎದುರಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸಮರ್ಥ, ಅಕ್ಕರೆಯುಳ್ಳ ವಯಸ್ಕರಾಗಿ ಬೆಳೆದರು. ಆ ಮಕ್ಕಳ ಬಾಲ್ಯದಲ್ಲಿ ಸಾಮಾನ್ಯವಾಗಿ ಕಂಡುಬಂದದ್ದು, ಭರವಸೆಯಿಂದ ಅಂಟಿಕೊಳ್ಳಬಹುದಾದ ಒಬ್ಬ ವ್ಯಕ್ತಿ. ಅದು ತಾಯಿಯೇ ಆಗಿರಬೇಕೆಂದಿರಲಿಲ್ಲ. ಅನೇಕ ಕಡೆ ಅಜ್ಜಿ, ಅಕ್ಕ, ನೆರೆಯವರು. ಕುಷ್ಟಗಿಯ ಅಕ್ಕ ಇದನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಹುಡುಗಿ ಅತ್ತದ್ದು, ಆಮೇಲೆ ಮಂಕಾದದ್ದು, ಆಮೇಲೆ ಸರಿಹೋದಂತೆ ಕಂಡದ್ದು ಕೂಡ ದಾಖಲಾಗಿರುವ ಕ್ರಮವೇ. ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆಯಲ್ಲಿ ಒಂಟಿಯಾಗಿ ಉಳಿದ ಪುಟ್ಟ ಮಕ್ಕಳನ್ನು ಗಮನಿಸಿ, 1952ರಲ್ಲಿ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ ತೋರಿಸಿದರು. ಮೊದಲು ಪ್ರತಿಭಟನೆ, ನಂತರ ಹತಾಶೆ, ಕೊನೆಗೆ ನಂಟು ಕಳಚಿಕೊಂಡ ದೂರ. ಮೂರನೆಯದನ್ನು ನೋಡಿ ದಾದಿಯರು ‘ಮಗು ಹೊಂದಿಕೊಂಡಿತು’ ಎಂದುಕೊಳ್ಳುತ್ತಿದ್ದರು. ರಾಬರ್ಟ್‌ಸನ್ ಅವರ ಸಹೋದ್ಯೋಗಿ ಜಾನ್ ಬೌಲ್ಬಿ ಮನೋವಿಶ್ಲೇಷಣೆಯಲ್ಲೇ ತರಬೇತಾದವರು. ಮಗು ತಾಯಿಯನ್ನು ಬಯಸುವುದು ಹಾಲಿಗಾಗಿ ಎಂಬ ನಂಬಿಕೆಯನ್ನು ಬಿಟ್ಟು, ಬಾಂಧವ್ಯವೇ ಒಂದು ಮೂಲ ಅಗತ್ಯ ಎಂದು ವಾದಿಸಿದರು. ಸೆರಗಿನ ತುಂಡಿನ ಬಗ್ಗೆ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ ಬಹಳ ಚೆನ್ನಾಗಿ ಬರೆದಿದ್ದಾರೆ: ಅದು ತಾಯಿಯೂ ಅಲ್ಲ, ಬರಿಯ ಬಟ್ಟೆಯೂ ಅಲ್ಲ, ಎರಡರ ನಡುವಿನದು. ಅದನ್ನು ತೊಳೆದು ವಾಸನೆ ಕಳೆದರೆ ಮಗುವಿಗೆ ಅದರ ಅರ್ಥವೇ ಹೋಗಬಹುದು. ದಯವಿಟ್ಟು ತೊಳೆಯಬೇಡಿ.

ನಾನು ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ಸಿದ್ಧಾಂತಗಳು ನಮ್ಮ ಕಡೆ ಬಂದಾಗಲೆಲ್ಲ ಕೊನೆಗೆ ಬೈಗುಳ ತಾಯಿಯ ತಲೆಗೆ ಬೀಳುತ್ತದೆ. ‘ನೀನು ಬೇಗ ಹಾಲು ಬಿಡಿಸಿದ್ದಕ್ಕೇ ಮಗ ಹೀಗಾದ’ ಎಂದು ಅತ್ತೆ ಹೇಳುವುದನ್ನು ನಾನು ಕೊಠಡಿಯಲ್ಲೇ ಕೇಳಿದ್ದೇನೆ. ‘ಸಾಕಷ್ಟು ಒಳ್ಳೆಯ ತಾಯಿ’ ಇದ್ದರೆ ಸಾಕು, ಪರಿಪೂರ್ಣಳು ಬೇಡ ಎಂದವರೂ ವಿನ್ನಿಕಾಟ್ ಅವರೇ. ಆ ಮಾತು ಯಾವ ಟಿಪ್ಪಣಿಯಲ್ಲೂ ಇರುವುದಿಲ್ಲ. ನಿಮ್ಹಾನ್ಸ್ ನಮ್ಮ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಡೆಸಿದ ಪ್ರಯೋಗದ ಬಗ್ಗೆ ಹಿರಿಯ ಆರೋಗ್ಯ ಕಾರ್ಯಕರ್ತರು ಈಗಲೂ ಹೇಳುತ್ತಾರೆ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದನ್ನು ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ತೀವ್ರ ಮನೋರೋಗವನ್ನೂ ಮೂರ್ಛೆರೋಗವನ್ನೂ ಊರಿನ ಬಳಿಯೇ ಗುರುತಿಸಿ ಮಾತ್ರೆ ಕೊಡುವ ಕೆಲಸ ಅದು. ಅಲ್ಲಿ ಮೌಖಿಕ ಹಂತದ ಮಾತಿಗೆ ಜಾಗವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಟಿಇಟಿ ಅಭ್ಯರ್ಥಿ, ರಾಯಚೂರು

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಎರಿಕ್ ಎರಿಕ್ಸನ್ ಅವರ ಎಂಟು ಹಂತಗಳೂ ಇದೇ ಗತಿಯವೇ? ಟಿಪ್ಪಣಿಯಲ್ಲಿ ಅವು ಮುಂದಿನ ಪುಟದಲ್ಲಿವೆ. ಇಂಥದೇ ಸಿದ್ಧಾಂತ ನಮ್ಮ ದೇಶದ ಮಕ್ಕಳಿಗೆ ಹೊಂದುತ್ತದೆಯೇ ಎಂದು ಇಲ್ಲಿಯವರು ಯಾರೂ ಕೇಳಲಿಲ್ಲವೇ?

ನಿವೃತ್ತ ಉಪನ್ಯಾಸಕ, ಕೊಪ್ಪಳ

ಕೇಳಿದವರಿದ್ದಾರೆ, ಬಹಳ ಹಿಂದೆಯೇ. ಕಲಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಫ್ರಾಯ್ಡ್ ಅವರೊಡನೆ ವರ್ಷಗಳ ಕಾಲ ಪತ್ರವ್ಯವಹಾರ ಇಟ್ಟುಕೊಂಡಿದ್ದರೂ ಶಿಷ್ಯನಂತೆ ತಲೆಬಾಗಲಿಲ್ಲ. ಪ್ರತಿಯೊಂದು ಬಯಕೆಯ ಜೊತೆಗೆ ಅದರ ವಿರುದ್ಧದ ಬಯಕೆಯೂ ಮನಸ್ಸಿನಲ್ಲಿ ಇರುತ್ತದೆ ಎಂಬುದು ಅವರದೇ ಸಿದ್ಧಾಂತ. ಈಡಿಪಸ್ ಗ್ರಂಥಿ ತಮ್ಮ ಭಾರತೀಯ ರೋಗಿಗಳಲ್ಲಿ ಯೂರೋಪಿನವರಂತೆ ಕಾಣುವುದಿಲ್ಲ ಎಂದೂ ವಾದಿಸಿದರು. ಮನೋವಿಶ್ಲೇಷಕ ಸುಧೀರ್ ಕಕ್ಕರ್ 1978ರ ತಮ್ಮ ಕೃತಿಯಲ್ಲಿ ಬರೆದದ್ದನ್ನು ನಮ್ಮ ಮನೆಗಳಲ್ಲಿ ಈಗಲೂ ಕಾಣಬಹುದು: ಗಂಡುಮಗು ನಾಲ್ಕೈದು ವರ್ಷದವರೆಗೆ ತಾಯಿಯ ಮಡಿಲಲ್ಲಿ, ಹೆಂಗಸರ ನಡುವೆ, ಹೆಚ್ಚು ತಡೆಯಿಲ್ಲದೆ ಬೆಳೆದು, ಆಮೇಲೆ ಒಮ್ಮೆಲೇ ಗಂಡಸರ ಶಿಸ್ತಿನ ಲೋಕಕ್ಕೆ ಬೀಳುತ್ತದೆ. ಅದನ್ನು ಅವರು ‘ಎರಡನೆಯ ಜನ್ಮ’ ಎಂದರು. ನನ್ನನ್ನು ಅಪ್ಪ ಹೊರಗಿನ ಪಡಸಾಲೆಯಲ್ಲಿ ಮಲಗಲು ಕರೆದ ರಾತ್ರಿ ನೆನಪಿದೆ. ಒಳಗೆ ಅವ್ವನ ಪಕ್ಕದಲ್ಲಿ ನನ್ನ ಜಾಗದಲ್ಲಿ ತಂಗಿ ಇದ್ದಳು.

ಎರಿಕ್ಸನ್ (1902–1994) ಅವರನ್ನು ಫ್ರಾಯ್ಡ್ ಅವರ ನಕಲು ಎನ್ನಲಾಗದು. ವಿಯೆನ್ನಾದಲ್ಲಿ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಅವರ ಬಳಿ ಕಲಿತು ಅಮೆರಿಕಕ್ಕೆ ಹೋದವರು. 1950ರ ಪುಸ್ತಕದಲ್ಲಿ ಎಂಟು ಹಂತಗಳನ್ನು ಮುಪ್ಪಿನವರೆಗೂ ಚಾಚಿದರು. ಎರಡನೆಯ ವರ್ಷದ ಪ್ರಶ್ನೆ ಅವರಿಗೆ ಮಲದ್ದಲ್ಲ. ‘ನಾನೇ ಮಾಡುತ್ತೇನೆ’ ಎನ್ನುವ ಮಗುವಿಗೆ ಮನೆಯವರು ಏನೆನ್ನುತ್ತಾರೆ ಎಂಬುದು. ಅಹಮದಾಬಾದಿಗೆ ಬಂದು, 1918ರ ಗಿರಣಿ ಮುಷ್ಕರವನ್ನು ಹಿಡಿದು ಗಾಂಧೀಜಿಯವರ ನಡುವಯಸ್ಸನ್ನು ಕುರಿತು 1969ರಲ್ಲಿ ಬರೆದರು. ಮನುಷ್ಯ ಐದು ವರ್ಷಕ್ಕೇ ಮುಗಿದುಹೋಗುತ್ತಾನೆ ಎಂದುಕೊಂಡವರು ನಲವತ್ತೆಂಟರ ಗಾಂಧಿಯ ಬಗ್ಗೆ ಇಡೀ ಪುಸ್ತಕ ಬರೆಯುತ್ತಿರಲಿಲ್ಲ. ಆದರೂ ಸಿಂಧನೂರಿನವರ ಆಕ್ಷೇಪ ಇವರಿಗೂ ತಟ್ಟುತ್ತದೆ: ಹಂತಗಳ ಸರದಿ ಎಲ್ಲ ಕಡೆಯೂ ಇದೇ ಎಂದು ಯಾರೂ ಅಳೆದು ತೋರಿಸಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಟಿಪ್ಪಣಿಯಲ್ಲಿ ಇರುವಂತೆಯೇ ಗುರುತು ಮಾಡಿ. ಅಲ್ಲಿ ವಾದಕ್ಕೆ ಜಾಗವಿಲ್ಲ.

ಅಂಗನವಾಡಿ ಕಾರ್ಯಕರ್ತೆ, ಕುಷ್ಟಗಿ ತಾಲ್ಲೂಕು

ಬಳ್ಳಾರಿಯ ಮೇಡಂ, ಸೆರಗು ತೊಳೆಯುವ ಮಾತನ್ನು ಬಿಟ್ಟಿದ್ದೇನೆ. ಅವಳ ಅಜ್ಜಿಗೂ ಹೇಳಿದೆ. ಭಾನುವಾರ ಫೋನಿನಲ್ಲಿ ಅವ್ವನ ಮುಖ ತೋರಿಸಿದರೆ ಹುಡುಗಿ ಫೋನನ್ನು ಬೋರಲು ಹಾಕಿ ಓಡಿಹೋಗುತ್ತಾಳಂತೆ. ಅವ್ವ ಆಚೆ ಕಡೆ ಅಳುತ್ತಾಳಂತೆ. ಮರೆತಿದ್ದಾಳೆ ಎಂದು ಅಜ್ಜಿ ತಿಳಿದಿದ್ದಳು. ಮರೆತಿಲ್ಲ, ಸಿಟ್ಟು ಬಂದಿದೆ, ಮುಂದಿನ ವಾರವೂ ಮಾಡಿಸು ಎಂದು ಹೇಳಿದ್ದೇನೆ. ಸರಿಯೇ?

ಆಪ್ತಸಮಾಲೋಚಕಿ, ಬಳ್ಳಾರಿ

ಸರಿ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಟಿಇಟಿ ಅಭ್ಯರ್ಥಿ, ರಾಯಚೂರು

ಸಿಂಧನೂರಿನ ಸರ್, ನಿಮ್ಮ ಬರಗಾಲದ ಕಾರಣ ನನಗೆ ಬಹಳ ಒಪ್ಪಿಗೆಯಾಗಿ, ಅತ್ತೆಯನ್ನು ಕೇಳಿದೆ. ಬರದ ವರ್ಷ ಮನೆಯವರೆಲ್ಲ ಕಾಮಗಾರಿಗೆ ಕಲ್ಲು ಒಡೆಯಲು ಹೋದದ್ದು ನಿಜವಂತೆ. ಆದರೆ ನಮ್ಮಪ್ಪ ದೊಡ್ಡಪ್ಪನಿಗಿಂತ ಎರಡೇ ವರ್ಷ ಚಿಕ್ಕವರು. ಅದೇ ಮನೆ, ಅದೇ ಗಂಜಿ, ಅದೇ ಅವ್ವ. ಅವರ ಕೈಯಲ್ಲಿ ಇಂದಿಗೂ ರೊಕ್ಕ ನಿಲ್ಲುವುದಿಲ್ಲ. ಬರವನ್ನು ಕಂಡವರು ಕೂಡಿಡುತ್ತಾರೆ ಎಂದರೆ ಅಪ್ಪ ಹೊಂದುವುದಿಲ್ಲ, ಕಂಡವರು ಉಂಡು ಮುಗಿಸುತ್ತಾರೆ ಎಂದರೆ ದೊಡ್ಡಪ್ಪ ಹೊಂದುವುದಿಲ್ಲ. ನಿಮ್ಮ ಸಸಿಮಡಿಯ ಮಾತು ನಿಮ್ಮ ಮೇಲೆಯೇ ತಿರುಗಿತು.

ಕೊನೆಗೆ ದೊಡ್ಡಪ್ಪನನ್ನೇ ಕೇಳಿದೆ. ಇಷ್ಟು ಜನ ಇಷ್ಟು ಬರೆದ ಮೇಲೆ ಅವರನ್ನು ಕೇಳಲು ನನಗೆ ಹೊಳೆದದ್ದು ತಡವಾಗಿ. ಅವರು ಹೇಳಿದ್ದು ಇಷ್ಟು: “ಸುತಲಿ ಕೊಯ್ದ್ರ ಚೀಲದ ಬಾಯಿ ಹರೀತೈತಿ. ಮೊದಲ ಅಂಗಡ್ಯಾಗ ಹರಿದ ಚೀಲದ ರೊಕ್ಕ ನನ್ನ ಪಗಾರದಾಗ ಹಿಡೀತಿದ್ರು.” ಆಗ ಅವರಿಗೆ ಹದಿನೇಳು ವರ್ಷ. ಬಿಚ್ಚುವುದಕ್ಕೆ ಕಾರಣ ತಿಳಿಯಿತು. ಎಂಟರ ಆಕಾರದಲ್ಲಿ ಸುತ್ತಿ, ಗಂಟು ಹಾಕಿ, ಮೂರು ಡಬ್ಬಿ ತುಂಬಿಸಿ ಇಟ್ಟದ್ದು ಏಕೆ ಎಂದು ಕೇಳಿದೆ. ಒಂದು ಸುತ್ತನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು, ಸಡಿಲಾಗಿದ್ದ ಗಂಟನ್ನು ಬಿಗಿದರು, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.